ಕಣ್ಣಿನ ಬೆನ್ನು ಹತ್ತಿ: ಮೂರನೇ ತಿಂಗಳು

ಪಟ್ಟಿ 41ಕ್ಕೆ ಬಂತು. ಮುಖದ ಮೇಲಿನದನ್ನು ಬಿಟ್ಟು ‘ಕಣ್ಣು’ ಇನ್ನೆಲ್ಲೆಲ್ಲಿ ಇದೆ ಎಂದು ಬರೆದಿಡುವ ಕೆಲಸ ಇದು. ಶುರುವಾಗಿದ್ದು ಸಾಗರದ ನಮ್ಮ ಮನೆಯಲ್ಲಿ, ಶುಂಠಿ ಬಿತ್ತನೆಯ ಹೊತ್ತಿಗೆ. ಬೀಜದ ಶುಂಠಿ ಮುರಿಯುತ್ತ ಕೂತಿದ್ದೆ. ದೊಡ್ಡಪ್ಪ ಒಂದು ತುಂಡು ಎತ್ತಿ ತಿರುಗಿಸಿ ನೋಡಿ, “ಇದ್ರಲ್ಲಿ ಕಣ್ಣೇ ಇಲ್ವಲ್ಲೋ, ಹುಗಿದ್ರೆ ಕೊಳೀತದೆ ಅಷ್ಟೆ” ಅಂದರು. 20-25 ಗ್ರಾಂ ತುಂಡಿಗೆ ಒಂದೆರಡು ಒಳ್ಳೆ ಕಣ್ಣಿರಬೇಕು. ಅವರು ತೋರಿಸಿದ್ದು ತಿಳಿಹಳದಿಯ ಒಂದು ಮೊನೆ, ಅಕ್ಕಿಕಾಳಿಗಿಂತ ತುಸು ದೊಡ್ಡದು.

ಈ ತಿಂಗಳು ಹೆಚ್ಚು ಹೊತ್ತು ತಗೊಂಡಿದ್ದು ಕಬ್ಬು. ಗಿಣ್ಣು ಬೇರೆ, ಕಣ್ಣು ಬೇರೆ. ಗಿಣ್ಣಿಗೆ ಅಂಟಿ ಕೂತ ಮೊಗ್ಗೇ ಕಣ್ಣು. ಇಡೀ ಜಲ್ಲೆ ಹುಗಿದರೆ ತುದಿಯ ಕಣ್ಣು ಮೊದಲು ಎದ್ದು ಕೆಳಗಿನವನ್ನು ಏಳಗೊಡುವುದಿಲ್ಲ. ಎರಡು ಕಣ್ಣಿನ, ಮೂರು ಕಣ್ಣಿನ ತುಂಡು ಮಾಡಿ ನೆಡುವುದು ಅದಕ್ಕೇ. ಆಲೂಗಡ್ಡೆಗೂ ಕಣ್ಣಿದೆ. ಶುಂಠಿ, ಕಬ್ಬು, ಆಲೂ ಮೂರೂ ಕಾಂಡಗಳು, ಎರಡು ನೆಲದೊಳಗೆ, ಒಂದು ಮೇಲೆ. ಗೆಣಸು ಬೇರು. ಅದಕ್ಕೆ ಕಣ್ಣು ಅಂದವರನ್ನು ನಾನು ಕೇಳಿಲ್ಲ, ನೆಡುವುದೂ ಬಳ್ಳಿಯನ್ನೇ. ಸಸ್ಯಶಾಸ್ತ್ರ ಓದದ ಬಾಯಿಗಳಲ್ಲಿ ಈ ಪದ ಇಷ್ಟು ಕರಾರುವಾಕ್ಕಾಗಿ ಉಳಿದಿದೆಯಲ್ಲ, ಅದು ತಿಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎರಡನೇ ಗುಂಪು ತೂತಿನದು: ಸೂಜಿ ಕಣ್ಣು, ಜರಡಿ ಕಣ್ಣು, ಬಲೆ ಕಣ್ಣು. ಶರಾವತಿ ಹಿನ್ನೀರಿನ ದಡದಲ್ಲಿ ಬಲೆ ಬಿಡಿಸುತ್ತಿದ್ದ ಹಿರಿಯರೊಬ್ಬರು ಕಣ್ಣಿನೊಳಗೆ ಬೆರಳು ತೂರಿಸಿ ಅಳತೆ ತೋರಿಸಿದರು. “ಕಣ್ಣು ಸಣ್ಣ ಆದ್ರೆ ಮರಿನೂ ಬರ್ತವೆ ಮಾರಾಯ್ರೆ, ಆಮೇಲೆ ಹೊಳೇಲಿ ಏನಿರ್ತದೆ?”

ಒಂದು ದೊಡ್ಡ ತಪ್ಪಾಗಿತ್ತು. ನಿಘಂಟಿನಲ್ಲಿ ‘ಕ’ ಅಕ್ಷರದಡಿ ಮಾತ್ರ ಹುಡುಕಿದ್ದೆ. ಸಮಾಸದಲ್ಲಿ ಆದೇಶ ಸಂಧಿಯಾಗಿ ‘ಕ’ ಹೋಗಿ ‘ಗ’ ಬರುತ್ತದೆ: ಕೆಂಗಣ್ಣು, ಕಡೆಗಣ್ಣು, ಒಳಗಣ್ಣು. ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದು ಬೇಕಾದಾಗ ನೆನಪಾಗಲಿಲ್ಲ. ಎರಡು ಸಂಜೆ ಕೂತು ಮೊದಲಿಂದ ತಿರುವಿದೆ. ಆಗ ಸಿಕ್ಕಿದ್ದು ಜಲಗಣ್ಣು, ಬಾವಿಯಲ್ಲಿ, ಕೆರೆಯಲ್ಲಿ ನೀರು ಜಿನುಗುವ ಜಾಗ.

ಅದು ಸಿಕ್ಕಮೇಲೆ ನನ್ನ ಎರಡು ಕಾಲಂ ನಿಲ್ಲಲಿಲ್ಲ. ಮೊಳೆಯುವ ಕಣ್ಣು ಎಡಕ್ಕೆ, ತೂತಿನ ಕಣ್ಣು ಬಲಕ್ಕೆ ಎಂದು ಗೆರೆ ಎಳೆದಿದ್ದೆ. ಜಲಗಣ್ಣು ತೂತೂ ಹೌದು, ಒಳಗಿನದು ಹೊರಬರುವ ಜಾಗವೂ ಹೌದು. ಕೂಡಲೇ ಅಡಿಗೆಮನೆಗೆ ಹೋಗಿ ತೆಂಗಿನಕಾಯಿಯ ಜುಟ್ಟು ಕಿತ್ತು ಮೂರೂ ಕಣ್ಣಿಗೆ ದಬ್ಬಣ ಒತ್ತಿದೆ. ಎರಡು ಕಲ್ಲಿನ ಹಾಗೆ. ಮೂರನೆಯದರಲ್ಲಿ ದಬ್ಬಣ ಸಲೀಸಾಗಿ ಇಳಿದು, ತುದಿಗೆ ನೀರು ಒಸರಿತು. ಮೊಳಕೆ ಬರುವುದೂ ಅಲ್ಲಿಂದಲೇ. ಕಾಯಿಯನ್ನೂ ಜಲಗಣ್ಣನ್ನೂ ಗೆರೆಯ ಮೇಲೆಯೇ ಬರೆದೆ.

ನವಿಲುಗರಿಯ ಕಣ್ಣು ಇನ್ನೂ ಹೊರಗೇ ಇದೆ. ಅದರಲ್ಲಿ ತೂತೂ ಇಲ್ಲ, ಮೊಳಕೆಯೂ ಇಲ್ಲ. ಭಾನುವಾರ ಬಾವಿ ತೋಡುವವರ ಹತ್ತಿರ ಹೋಗುವುದಿದೆ. ಬಂಡೆಯ ಸಂದಿಯಿಂದ ಬರುವ ನೀರಿಗೂ ಮಣ್ಣಿನಿಂದ ಒಸರುವುದಕ್ಕೂ ಅವರು ಕಣ್ಣು ಅಂತಲೇ ಅನ್ನುತ್ತಾರಾ ಕೇಳಬೇಕು.