ಅಕ್ಕನ ತರಕಾರಿ ಹಲಗೆ, ಬಾವನ ಫಿಶ್ ಫೈಂಡರ್

ನನ್ನದು ಮನೆ ವೈರಿಂಗ್ ಕೆಲಸ. ಗಂಗೊಳ್ಳಿ, ತ್ರಾಸಿ, ಮರವಂತೆ ಕಡೆ ಹೊಸ ಮನೆ ಎದ್ದಲ್ಲೆಲ್ಲ ಪೈಪು ಹುಗಿದು ವೈರು ಎಳೆಯುವುದು. ಸಮುದ್ರ ಏನಿದ್ದರೂ ಭಾನುವಾರಕ್ಕೆ, ಅದೂ ಬಾವನ ದೋಣಿಯಲ್ಲಿ. ಕಳೆದ ಸಲ ಮಳೆಗಾಲ ಮುಗಿಯುತ್ತಿದ್ದ ಹಾಗೆ ಬಾವನಿಗೆ ಫಿಶ್ ಫೈಂಡರ್ ಹುಚ್ಚು ಹಿಡಿಯಿತು, ಅಂದರೆ ನೀರಿಗೆ ಶಬ್ದ ಕಳಿಸಿ ಮೀನನ್ನೂ ತಳವನ್ನೂ ಪರದೆಯಲ್ಲಿ ತೋರಿಸುವ ಯಂತ್ರದ್ದು. ಕೂರಿಸುವ ಕೆಲಸ ನನ್ನ ತಲೆಗೇ ಬಂತು. "12 ವೋಲ್ಟಿಂದ್ ಅಲ್ದಾ ಬಾವ, ಅರ್ಧ ಗಂಟಿ ಕೆಲ್ಸ" ಅಂದುಬಿಟ್ಟೆ. ನಾಲ್ಕು ಭಾನುವಾರ ಹಿಡಿಯಿತು.

ದೋಣಿ 26 ಅಡಿಯದು. ಒಳಗೆ ಪ್ಲೈವುಡ್, ಮೇಲೆ ಫೈಬರ್, ಹಿಂದೆ 9.9 ಎಚ್‌ಪಿ ಔಟ್‌ಬೋರ್ಡ್. ಹೆಚ್ಚೆಂದರೆ 15 ಮಾರು, ಅಂದರೆ 90 ಅಡಿ ನೀರಿನ ತನಕ ಹೋಗುವುದು. ಬಾವ ಪರ್ಸೀನ್ ಬೋಟಿನಲ್ಲಿ, ಅಂದರೆ ಹಿಂಡನ್ನೇ ಸುತ್ತುವ ದೊಡ್ಡ ಬಲೆಯ ಬೋಟಿನಲ್ಲಿ ದುಡಿದವನು. ಅಲ್ಲಿ ಸುತ್ತ ನಾಲ್ಕೂ ದಿಕ್ಕು ನೋಡುವ ಸೋನಾರ್ ಇರುತ್ತದೆ, ದೂರದಲ್ಲಿ ಬಂಗುಡೆ ಹಿಂಡು ಯಾವ ಕಡೆ ಸಾಗುತ್ತಿದೆ ಅಂತ ತೋರಿಸುತ್ತದೆ. ಅದಕ್ಕೆ ಲಕ್ಷಗಟ್ಟಲೆ ಬೇಕು. ನಮ್ಮ ಕೈಗೆಟುಕುವುದು ನೇರ ಕೆಳಗೆ ಮಾತ್ರ ನೋಡುವಂಥದ್ದು. ಈ ವ್ಯತ್ಯಾಸ ಅವನ ತಲೆಗೆ ಹೋಗುವಷ್ಟರಲ್ಲಿ ನನ್ನ ಗಂಟಲು ಒಣಗಿತ್ತು. ದೋಣಿಯ ಅಡಿಗೆ ಬಂದ ಮೀನು ಮಾತ್ರ ಕಾಣುತ್ತದೆ, ಇಪ್ಪತ್ತು ಮಾರು ಪಕ್ಕದಲ್ಲಿ ಹಿಂಡೇ ಕುಣಿದರೂ ಪರದೆ ಖಾಲಿ.

ಗಾರ್ಮಿನ್, ಲೋರನ್ಸ್, ಫುರುನೊ ಎಲ್ಲ ಕಂಪನಿಯದ್ದೂ ನೋಡಿದೆವು. ಕೊನೆಗೆ ಯಾವುದು ತಂದೆವು ಅಂತ ಬರೆದರೆ ಜಾಹೀರಾತು ಅನ್ನುತ್ತೀರಿ, ಬಿಡಿ. ಅಂದಹಾಗೆ ಫುರುನೊ ಅಣ್ಣತಮ್ಮಂದಿರು 1948ರಲ್ಲಿ ಜಪಾನಿನಲ್ಲಿ ಮೀನು ಹುಡುಕುವ ಯಂತ್ರ ಮಾಡುವುದಕ್ಕೆ ಮೊದಲು ಅಲ್ಲಿನ ಮೀನುಗಾರರೊಬ್ಬರು ಅವರಿಗೆ ಹೇಳಿದ್ದರಂತೆ, ಮೀನಿದ್ದಲ್ಲಿ ಗುಳ್ಳೆ ಏಳುತ್ತದೆ ಅಂತ. ನನ್ನ ಮಟ್ಟಿಗೆ ಗುಳ್ಳೆಯೇ ಶತ್ರುವಾಯಿತು. ಅದು ಆಮೇಲೆ.

ಆರಿಸುವಾಗ ನಾವು ನೋಡಿದ್ದು ಮೂರೇ ಸಂಗತಿ. ಒಂದು, ಮಧ್ಯಾಹ್ನದ ಬಿಸಿಲಿಗೆ ಪರದೆ ಕಾಣಬೇಕು. ಅಂಗಡಿಯ ಎಸಿ ಕೋಣೆಯಲ್ಲಿ ಎಲ್ಲವೂ ಚೆಂದ. ಬಾವ ಅದನ್ನು ಹೊರಗೆ ರಸ್ತೆಗೆ ತಂದು, ತಂಪು ಕನ್ನಡಕ ಹಾಕಿ ನೋಡಿದ. ಒಂದರ ಪರದೆ ಪೂರ್ತಿ ಕಪ್ಪು! ಪೋಲರೈಸ್ಡ್ ಕನ್ನಡಕಕ್ಕೆ ಕೆಲವು ಪರದೆ ಹಾಗೇ. ಎರಡು, ಜಿಪಿಎಸ್ ಇರಬೇಕು. ನಕ್ಷೆ ಬೇಡ, ಜಾಗ ಗುರುತು ಹಾಕಿ ಮರಳಿ ಬರಲು ಸಾಕು. ಮೂರು, ಅದು ಕಳಿಸುವ ಶಬ್ದದ ತರಂಗ. 200 ಕಿಲೋಹರ್ಟ್ಸ್ ಕಿರಿದಾದ ಕೋನದಲ್ಲಿ ಇಳಿಯುತ್ತದೆ, ಕಡಿಮೆ ನೀರಿನಲ್ಲಿ ವಿವರ ಚೆನ್ನಾಗಿ ತೋರಿಸುತ್ತದೆ. ಅದಕ್ಕಿಂತ ಕೆಳಗಿನ 50, 77, 83 ಇವೆಲ್ಲ ಅಗಲವಾಗಿ ಹರಡುತ್ತವೆ, ಆಳಕ್ಕೂ ಹೋಗುತ್ತವೆ. ಲೆಕ್ಕ ಹಾಕಿ ನೋಡಿದೆ. 15 ಮಾರು ಆಳದಲ್ಲಿ 15 ಡಿಗ್ರಿ ಕೋನ ತಳ ಮುಟ್ಟುವಾಗ ಸುಮಾರು 4 ಮಾರು ಅಗಲ. 45 ಡಿಗ್ರಿಯಾದರೆ 12 ಮಾರು. ಅಗಲ ಹೆಚ್ಚಾದರೆ ಮೀನು ಹೆಚ್ಚು ಕಾಣುತ್ತದೆ ನಿಜ, ಆದರೆ ಅದು ದೋಣಿಯ ಅಡಿಯಲ್ಲೇ ಇದೆಯೋ ಐದು ಮಾರು ಆಚೆ ಇದೆಯೋ ತಿಳಿಯದು. ನಮಗೆ ಎರಡೂ ಇರುವ ಸಾಧನ ಸಿಕ್ಕಿತು.

ಇನ್ನು ಟ್ರಾನ್ಸ್‌ಡ್ಯೂಸರ್. ಶಬ್ದ ಕಳಿಸಿ ಪ್ರತಿಧ್ವನಿ ಕೇಳುವ ಕರಿ ಪ್ಲಾಸ್ಟಿಕ್ ತುಂಡು. ಕಿವಿ ಹತ್ತಿರ ಹಿಡಿದರೆ ಟಿಕ್ ಟಿಕ್ ಅನ್ನುತ್ತದೆ, ಬಾವ ಅದಕ್ಕೆ ಕಪ್ಪೆ ಅಂತ ಹೆಸರಿಟ್ಟ. ದಪ್ಪ ಫೈಬರ್ ಮಾತ್ರ ಇರುವ ದೋಣಿಯಾದರೆ ಕಪ್ಪೆಯನ್ನು ಒಳಗಡೆಯೇ ಅಂಟಿಸಬಹುದು, ಶಬ್ದ ಫೈಬರ್ ದಾಟಿ ಹೋಗುತ್ತದೆ. ತೂತು ಕೊರೆಯುವ ತಲೆಬಿಸಿ ಇಲ್ಲ. ಆಸೆಯಿಂದ ಪ್ಲಾಸ್ಟಿಕ್ ಚೀಲಕ್ಕೆ ನೀರು ತುಂಬಿ, ಅದರೊಳಗೆ ಕಪ್ಪೆ ಇಟ್ಟು ದೋಣಿಯ ತಳಕ್ಕೆ ಒತ್ತಿ ಹಿಡಿದೆ. ಪರದೆಯಲ್ಲಿ ತಳವೇ ಇಲ್ಲ. ನಡುವಿನ ಪ್ಲೈವುಡ್ ಶಬ್ದ ನುಂಗಿತ್ತು.

ಸರಿ, ಹಿಂಬದಿಗೆ ಹೊರಗಿನಿಂದ ಕೂರಿಸುವುದೇ. ಎಂಜಿನ್ನಿನ ಎಡಕ್ಕೆ ಒಂದು ಗೇಣು ಬಿಟ್ಟು ಎರಡು ಸ್ಕ್ರೂ ಹೊಡೆದೆ. ಕೇಬಲ್ಲನ್ನು ಎಂಜಿನ್ ಪಕ್ಕದಿಂದಲೇ ತಂದು, ವೈರ್‌ಲೆಸ್ ಸೆಟ್ಟಿನ ವೈರಿನ ಜೊತೆ ಸೇರಿಸಿ, ನಾಲ್ಕು ಬೆರಳಿಗೊಂದು ಟೈ ಕಟ್ಟಿದೆ. ಫೋಟೊ ತೆಗೆದು ಸ್ಟೇಟಸ್ಸಿಗೂ ಹಾಕಿದೆ.

ಪಂಚಗಂಗಾವಳಿ ಹೊಳೆಯಲ್ಲಿ ದೋಣಿ ಸುಮ್ಮನೆ ತೇಲುವಾಗ ಗೆರೆ ಗೆರೆಯಾಗಿ ತಳ ಕಂಡಿತು. ಎಂಜಿನ್ ಚಾಲೂ ಮಾಡಿದ್ದೇ ತಡ, ಪರದೆ ತುಂಬ ಚುಕ್ಕಿ ಮಳೆ. ವೇಗ ಏರಿಸಿದರೆ ತಳ ಮಾಯ, ಎರಡು ಮಾರು ಹೊಳೆಗೆ 90 ಮಾರು ಅಂತ ಅಂಕಿ. ಬಾವ ನನ್ನ ಮುಖ ನೋಡಿದ. "ಹ್ವಾಯ್, ಹೊಳಿಗೆ ತೂತ್ ಬಿತ್ತಾ ಎಂತ?"

ಇಲ್ಲಿ ಎರಡು ಕಾಯಿಲೆ ಒಂದರ ಮೇಲೊಂದು ಕೂತಿದ್ದವು, ಬಿಡಿಸಲು ಎರಡು ವಾರ ಬೇಕಾಯಿತು. ಚುಕ್ಕಿ ಮಳೆ ನನ್ನ ಅಚ್ಚುಕಟ್ಟುತನದ ಫಲ. ಎಂಜಿನ್ನಿನ ಸ್ಪಾರ್ಕ್ ಪ್ಲಗ್ಗಿನ ವೈರು ಪ್ರತಿ ಕಿಡಿಗೂ ಪಕ್ಕದ ಕೇಬಲ್ಲಿಗೆ ಗದ್ದಲ ದಾಟಿಸುತ್ತದೆ. ಪರೀಕ್ಷೆ ಸುಲಭ: ದೋಣಿ ನಿಲ್ಲಿಸಿ, ಗೇರ್ ಹಾಕದೆ ಎಂಜಿನ್ ರೇಸ್ ಮಾಡುವುದು. ಆಗಲೂ ಚುಕ್ಕಿ ಹೆಚ್ಚಾದರೆ ಅದು ಕರೆಂಟಿನ ಕಾಯಿಲೆ, ನೀರಿನದಲ್ಲ. ಕೇಬಲ್ ಬಿಚ್ಚಿ ದೋಣಿಯ ಇನ್ನೊಂದು ಮಗ್ಗುಲಿಂದ ತಂದೆ. ವೈರ್‌ಲೆಸ್ಸಿನ ಬ್ಯಾಟರಿಗೆ ಕೊಟ್ಟ ಕನೆಕ್ಷನ್ ತೆಗೆದು, ಯುಪಿಎಸ್ಸಿಗೆ ಹಾಕುವ 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿಯನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಇದಕ್ಕೇ ಬೇರೆ ಮಾಡಿದೆ. ಪಾಸಿಟಿವ್ ವೈರಿಗೆ 3 ಆಂಪಿಯರ್ ಫ್ಯೂಸ್. ಬೆಳಿಗ್ಗೆ ಹೋಗಿ ಮಧ್ಯಾಹ್ನ ಬರುವವರಿಗೆ ಧಾರಾಳ ಸಾಕು. ಉಳಿದ ಕೇಬಲ್ ಕತ್ತರಿಸಲು ಕೈ ತುರಿಸಿತು, ಕತ್ತರಿಸಲಿಲ್ಲ. ಟ್ರಾನ್ಸ್‌ಡ್ಯೂಸರಿನ ಕೇಬಲ್ ತುಂಡು ಮಾಡಿ ಜೋಡಿಸಿದರೆ ಕಪ್ಪೆ ಅರ್ಧ ಕಿವುಡಾಗುತ್ತದೆ.

ಚುಕ್ಕಿ ಹೋಯಿತು. ವೇಗದಲ್ಲಿ ತಳ ಮಾಯವಾಗುವುದು ಹೋಗಲಿಲ್ಲ. ಅದು ಗುಳ್ಳೆ. ಶಬ್ದ ನೀರಿನಲ್ಲಿ ಸೆಕೆಂಡಿಗೆ 1500 ಮೀಟರ್ ಓಡುತ್ತದೆ, ಗಾಳಿ ಸಿಕ್ಕಿದರೆ ಅಲ್ಲೇ ಮುಗ್ಗರಿಸಿ ವಾಪಸು. ಕಪ್ಪೆಯ ಮುಖಕ್ಕೆ ಗುಳ್ಳೆಯ ಪರದೆ ಎಳೆದರೆ ಅದಕ್ಕೇನು ಕೇಳೀತು? ನಮ್ಮ ಎಂಜಿನ್ನಿನ ಫ್ಯಾನು (ಪ್ರೊಪೆಲರ್) ಬಲಕ್ಕೆ ತಿರುಗುವಂಥದ್ದು. ಬಲಗಡೆ ರೆಕ್ಕೆ ಕೆಳಗಿಳಿಯುತ್ತದೆ, ಎಡಗಡೆ ಮೇಲೇರುತ್ತ ಗುಳ್ಳೆ ಎಬ್ಬಿಸುತ್ತದೆ. ನಾನು ಸರಿಯಾಗಿ ಎಡಕ್ಕೇ ಹೊಡೆದಿದ್ದೆ. ಬಲಕ್ಕೆ, ಎರಡು ಗೇಣು ದೂರಕ್ಕೆ, ದೋಣಿಯ ತಳದಲ್ಲಿ ಉಬ್ಬು ಪಟ್ಟಿ ಇಲ್ಲದ ಕಡೆಗೆ ಸಾಗಿಸಬೇಕಿತ್ತು.

ಅಂದರೆ ನೀರಿನ ಮಟ್ಟದ ಕೆಳಗೆ ಮತ್ತೆ ತೂತು. ಬಾವ ಒಪ್ಪಲಿಲ್ಲ, ಯಾರೂ ಒಪ್ಪುವುದಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಅಕ್ಕನ ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ತರಕಾರಿ ಹಲಗೆ. ಅದನ್ನು ಕೊಯ್ದು, ಸೀಲೆಂಟ್ ಬಳಿದು ಒಮ್ಮೆ ದೋಣಿಗೆ ಬಿಗಿದರೆ ಮುಗಿಯಿತು. ಕಪ್ಪೆಯನ್ನು ಆ ಹಲಗೆಗೆ ಸ್ಕ್ರೂ ಮಾಡುವುದು, ಮೇಲೆ ಕೆಳಗೆ ಸರಿಸಬೇಕಾದರೆ ಹಲಗೆಗೇ ಹೊಸ ತೂತು. ಹಳೇ ಎರಡು ತೂತಿಗೆ ರೆಸಿನ್ ತುಂಬಿದೆ. ಕಪ್ಪೆಯ ಮುಖ ದೋಣಿಯ ತಳಕ್ಕಿಂತ ಮೂರು ಮಿಲಿಮೀಟರ್ ಕೆಳಗೆ, ನೀರಿಗೆ ಸಮವಾಗಿ. ಆ ಭಾನುವಾರ ಅಳಿವೆ ದಾಟಿ ಪೂರ್ತಿ ವೇಗ ಕೊಟ್ಟರೂ ಗೆರೆ ಕಡಿಯಲಿಲ್ಲ. ಅಕ್ಕ ಇವತ್ತಿಗೂ ಹಲಗೆಯ ಲೆಕ್ಕ ಕೇಳುತ್ತಾಳೆ.

ಅಳತೆಯ ಮಾನಕ್ಕೆ ಅಡಿ, ಮೀಟರ್, ಫ್ಯಾದಮ್ ಮೂರೂ ಇದ್ದವು. ಫ್ಯಾದಮ್ ಹಾಕಿದೆ. 6 ಅಡಿ, ನಮ್ಮ ಮಾರೇ ಅದು. ಬಾವನ ಅಪ್ಪಯ್ಯ ನಂಬಲಿಲ್ಲ, ಹಗ್ಗಕ್ಕೆ ಸೀಸ ಕಟ್ಟಿ ಬಿಟ್ಟರು. ಅವರ ಲೆಕ್ಕ ಒಂಬತ್ತು, ಪರದೆ ಎಂಟೂವರೆ. "ನೀರ್ ಎಳಿತಿತ್ತ್, ಹಗ್ಗ ಓರೆ ಆಯ್ತ್" ಅಂತ ಅವರೇ ಒಪ್ಪಿಕೊಂಡರು.

ಓದುವುದನ್ನು ಕಲಿಯುವುದು ಬೇರೆಯದೇ ಪಾಠ. ಮೊದಲ ದಿನ ಪರದೆ ತುಂಬ ಮೀನಿನ ಚಿತ್ರ, ಬಲೆ ಬಿಟ್ಟರೆ ಅಂಬಲಿ ಮೀನು (ಜೆಲ್ಲಿಫಿಶ್), ಹೊಳೆ ತಂದ ಕಸ. ಪ್ರತಿ ಪ್ರತಿಧ್ವನಿಗೂ ಒಂದೊಂದು ಮೀನು ಬಿಡಿಸುವ ಆ ಸೌಲಭ್ಯವನ್ನು ಬಂದ್ ಮಾಡಿಬಿಟ್ಟೆವು. ನಿಜವಾದ ಮೀನು ಕೋನದೊಳಗೆ ಹೊಕ್ಕು ಹೊರಟರೆ ಕಮಾನಿನ ಹಾಗೆ ಬೀಳುತ್ತದೆ. ದೋಣಿಯೂ ಮೀನೂ ನಿಂತಲ್ಲೇ ಇದ್ದರೆ ಉದ್ದ ಗೆರೆ. ಅಪ್ಪಯ್ಯ ಇದನ್ನು ಬೇಗ ಹಿಡಿದರು, ಅವರು ಇಸಿಜಿ ಮಾಡಿಸಿಕೊಂಡವರು. "ಬಲಗಡೆ ತುದಿ ಮಾತ್ರ ಈಗಿಂದ್, ಉಳದ್ದೆಲ್ಲ ಆಗ್ಳೇ ಹೋದ್ದ್" ಅಂದರು. ಗಾಳಿಚೀಲ ಇರುವ ಮೀನು ಜೋರಾಗಿ ಮರುದನಿ ಕೊಡುತ್ತದೆ. ಸಿಗಡಿಗೆ, ತೊರಕೆ ಮೀನಿಗೆ ಆ ಚೀಲ ಇಲ್ಲ, ಅವು ಅಡಿಯಲ್ಲಿದ್ದರೂ ಪರದೆಗೆ ಇಲ್ಲದ ಹಾಗೆ.

ನಮಗೆ ಹೆಚ್ಚು ದಕ್ಕಿದ್ದು ತಳದ ಓದು. ಕೆಸರಾದರೆ ತಳದ ಪಟ್ಟಿ ತೆಳು, ಮಂಕು. ಕಲ್ಲಾದರೆ ದಪ್ಪ, ಕೆಲವೊಮ್ಮೆ ಎರಡು ಪಟ್ಟು ಆಳದಲ್ಲಿ ಅದರದೇ ನೆರಳು ಇನ್ನೊಂದು ಗೆರೆಯಾಗಿ ಬೀಳುತ್ತದೆ. ಬಲೆ ಹರಿಯುವ ಕಲ್ಲು ಎಲ್ಲಿ ಶುರು, ಗಾಳಕ್ಕೆ ಕೆಂಬೇರಿ ಮೀನು ಸಿಗುವ ಅಂಚು ಎಲ್ಲಿ ಅನ್ನುವುದು ಈಗ ಮುಂಚೆಯೇ ತಿಳಿಯುತ್ತದೆ. ಅಪ್ಪಯ್ಯನಿಗೆ ಅಂಥ ಮೂರು ಕಲ್ಲು ಗೊತ್ತು, ಕೊಡಚಾದ್ರಿಯ ತುದಿಗೆ ದಡದ ಒಂದು ತೆಂಗಿನ ಮರವನ್ನು ಸೇರಿಸಿ ಗುರುತು. ಆ ಮರವನ್ನು ಯಾರೋ ಕಡಿದು ಮನೆ ಕಟ್ಟಿದ್ದಾರೆ. ಮನೆಗೆ ವೈರಿಂಗ್ ಮಾಡಿದ್ದು ನಾನೇ, ಅದನ್ನು ಅವರಿಗೆ ಹೇಳಿಲ್ಲ. ಅಂದಾಜಿನ ಮೇಲೆ ಅರ್ಧ ಗಂಟೆ ಅಡ್ಡಾಡಿದ ಮೇಲೆ ತಳ ಎರಡು ಮಾರು ಎದ್ದು ನಿಂತಿತು, ಗುಂಡಿ ಒತ್ತಿ ಗುರುತು ಹಾಕಿದೆವು. ಉಳಿದೆರಡು ಕಲ್ಲನ್ನು ಅವರು ಹೇಳಲಿಲ್ಲ. "ಆ ಡಬ್ಬಿ ಯಾರಾರೂ ಕದ್ರೆ?"

ತಿಂಗಳಿಗೊಮ್ಮೆ ಕಪ್ಪೆಯ ಮುಖಕ್ಕೆ ಅಂಟಿದ ಚಿಪ್ಪನ್ನು ಒದ್ದೆ ಸ್ಪಂಜಿನಿಂದ ಉಜ್ಜುತ್ತೇನೆ. ಬಾವನದು ಬೇರೆಯೇ ಫಜೀತಿ. ಅವನ ದೋಣಿ ನಿಂತಿತೆಂದರೆ ಸುತ್ತಲಿನ ನಾಲ್ಕು ದೋಣಿ ಹತ್ತಿರ ಬರುತ್ತವೆ. ಹಾಗಾಗಿ ಈಗೀಗ ಪರದೆಯಲ್ಲಿ ಹಿಂಡು ಕಂಡರೂ ವೇಗ ಇಳಿಸುವುದಿಲ್ಲ, ಗುರುತಿನ ಗುಂಡಿ ಒತ್ತಿ, ಬೀಡಿ ಹಚ್ಚಿ, ಮುಖ ಬೇರೆ ಕಡೆ ತಿರುಗಿಸಿ ಸೀದಾ ಮುಂದೆ ಹೋಗುತ್ತಾನೆ. ಅವರೆಲ್ಲ ಚದುರಿದ ಮೇಲೆ ವಾಪಸು ಬರುತ್ತೇವೆ. ಅಷ್ಟರಲ್ಲಿ ಮೀನೂ ಚದುರಿರುತ್ತದೆ.