ಕಿಡ್ನಿ ತೋರಿಸಿದ್ದೇನೆ

ಷಿಕಾಗೋದ ಮಗಳ ಮನೆಯಿಂದ ತೀರ್ಥಹಳ್ಳಿಗೆ ಮರಳಿದಾಗಲೆಲ್ಲ ಜನ ನನ್ನ ಮುಖಕ್ಕಿಂತ ಮೊದಲು ಕಾಲನ್ನು ನೋಡುತ್ತಾರೆ. "ಎಂತದೇ ಮಾರಾಯ್ತಿ, ಕಾಲು ಹಿಂಗೆ ಊದಿದೆಯಲ್ಲ, ಕಿಡ್ನಿ ತೋರಿಸಿದ್ಯಾ?" ತೋರಿಸಿದ್ದೇನೆ. ಹೃದಯವನ್ನೂ ಥೈರಾಯ್ಡನ್ನೂ ತೋರಿಸಿದ್ದೇನೆ, ಎಲ್ಲವೂ ಸರಿಯಾಗಿವೆ. ಇನ್ನು ಮುಂದೆ ಕೇಳುವವರು ಇದನ್ನು ಓದಿಕೊಳ್ಳಲಿ.

ಹೋದ ವರ್ಷ ಅಣ್ಣನ ಮೊಮ್ಮಗನ ಉಪನಯನಕ್ಕೆಂದು ಷಿಕಾಗೋದಿಂದ ಎರಡು ವಿಮಾನ, ಬೆಂಗಳೂರಿನಿಂದ ಏಳೆಂಟು ಗಂಟೆ ಬಸ್ಸು ಎಂದು ಬಂದವಳು ನೇರವಾಗಿ ಛತ್ರಕ್ಕೆ ಹೋಗಿದ್ದೆ. ಕಾಲುಂಗುರ ಬೆರಳಿನ ಮಾಂಸದೊಳಗೆ ಹೂತುಹೋಗಿತ್ತು. ದೊಡ್ಡಮ್ಮ ಪಕ್ಕದಲ್ಲಿ ಕುಳಿತು, ಕೇಳದೆ, ಪಾದದ ಗಂಟಿನ ಮೇಲೆ ಹೆಬ್ಬೆರಳು ಒತ್ತಿದರು. ಗುಳಿ ಬಿತ್ತು. ಅದು ತುಂಬಿಕೊಳ್ಳುವಷ್ಟರಲ್ಲಿ ಪುನರ್ನವದ ಕಷಾಯ, ಬಾರ್ಲಿ ನೀರು, ಶಿವಮೊಗ್ಗದ ಒಬ್ಬ ತಜ್ಞರು, ಎಲ್ಲದರ ಪ್ರಸ್ತಾಪವೂ ಆಗಿಹೋಗಿತ್ತು.

"ವಿಮಾನದ ಗಾಳಿಯಿಂದ ಹಾಗಾಗುತ್ತದಂತೆ, ಹೌದೇನಕ್ಕಾ?" ಎಂದು ಕೇಳುವವರೂ ಇದ್ದಾರೆ. ಗಾಳಿಯಿಂದಲ್ಲ, ಕದಲದೆ ಕೂರುವುದರಿಂದ. ಕಾಲಿಗಿಳಿದ ರಕ್ತ ಮೇಲೇರಬೇಕಾದರೆ, ನಾವು ಹೆಜ್ಜೆಯಿಟ್ಟಾಗಲೆಲ್ಲ ಮೀನಖಂಡದ ಸ್ನಾಯು ಅಭಿಧಮನಿಗಳನ್ನು ಹಿಂಡಬೇಕು. ಅವುಗಳೊಳಗಿನ ಕವಾಟಗಳು ಮೇಲೇರಿದ್ದು ಕೆಳಗಿಳಿಯದಂತೆ ತಡೆಯುತ್ತವೆ. ಮೊಣಕಾಲು ಮಡಿಸಿ ಗಂಟೆಗಟ್ಟಲೆ ಕದಲದೆ ಕುಳಿತರೆ ಆ ಹಿಂಡುವ ಕೆಲಸ ನಿಂತು, ನಾಳಗಳಲ್ಲಿ ಒತ್ತಡ ಹೆಚ್ಚಿ, ನೀರಿನಂಶ ಸುತ್ತಲಿನ ಅಂಗಾಂಶಕ್ಕೆ ಜಿನುಗುತ್ತದೆ. ಇದಕ್ಕೆ ವಿಮಾನವೇ ಆಗಬೇಕೆಂದಿಲ್ಲ. ಹೀಗೆ ಕುಳಿತಲ್ಲೇ ಕುಳಿತವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವುದೂ ಅಪರೂಪಕ್ಕೆ ಉಂಟು. 1940ರಲ್ಲಿ ಲಂಡನ್ನಿನ ಬಾಂಬು ಆಶ್ರಯತಾಣಗಳಲ್ಲಿ ರಾತ್ರಿಯಿಡೀ ಕ್ಯಾನ್ವಾಸ್ ಕುರ್ಚಿಗಳಲ್ಲಿ ಕುಳಿತವರು ಶ್ವಾಸಕೋಶಕ್ಕೆ ರಕ್ತದ ಹೆಪ್ಪು ಸೇರಿ ಸತ್ತದ್ದನ್ನು ಕೀತ್ ಸಿಂಪ್ಸನ್ ಎಂಬ ವೈದ್ಯರು ವರದಿ ಮಾಡಿದ್ದರು.

ನಾನು ಮಾಡುವುದಿಷ್ಟು. ಓಡಾಡುವ ದಾರಿಯ ಬದಿಯ ಸೀಟು ಕೇಳುತ್ತೇನೆ. ಗಂಟೆಗೊಮ್ಮೆ ಏಳುತ್ತೇನೆ; ಏಳಲಾಗದಿದ್ದರೆ ಹಿಮ್ಮಡಿ ಊರಿ ಬೆರಳೆತ್ತುವುದು, ಬೆರಳೂರಿ ಹಿಮ್ಮಡಿ ಎತ್ತುವುದು. ನೀರು ಕುಡಿಯುತ್ತೇನೆ, ಅದು ಶೌಚಾಲಯದ ನೆಪದಲ್ಲಾದರೂ ಎಬ್ಬಿಸುತ್ತದೆ. ಬಿಗಿಯಾದ ಕಂಪ್ರೆಷನ್ ಕಾಲುಚೀಲವನ್ನು ಕಾಲು ಊದುವ ಮೊದಲೇ ಹಾಕಿಕೊಳ್ಳುತ್ತೇನೆ. ಕಾಲಿನ ರಕ್ತಸಂಚಾರದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಹಾಕಬಾರದು. ಕಾಲುಂಗುರ ಈಗ ಪರ್ಸಿನಲ್ಲಿರುತ್ತದೆ. ಬಸ್ಸು ಹೋಟೆಲಿನ ಮುಂದೆ ನಿಂತರೆ ಕಾಫಿ ಬೇಡವಾದರೂ ಇಳಿಯುತ್ತೇನೆ. ಮನೆ ಸೇರಿದ ಮೇಲೆ ದಿಂಬಿನ ಮೇಲೆ, ಎದೆಗಿಂತ ಎತ್ತರಕ್ಕೆ ಕಾಲಿಟ್ಟು ಮಲಗುತ್ತೇನೆ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ಮಾತ್ರ ಬಿಟ್ಟಿಲ್ಲ. ಆ ಉಪ್ಪಿನ ಪಾಲೂ ಊತದಲ್ಲಿದೆ ಎಂದು ಒಪ್ಪುತ್ತೇನೆ. ಆದರೆ ನೆರೆಮನೆಯವರ ಡಬ್ಬಿಯಿಂದ "ನೀರು ಹೋಗುವ ಮಾತ್ರೆ" ತಂದುಕೊಡುವವರಿಗೆ ಬಾಗಿಲು ತೆರೆಯುವುದಿಲ್ಲ. ರಕ್ತದೊತ್ತಡಕ್ಕೆ ಆಮ್ಲೋಡಿಪಿನ್ ನುಂಗುವವರಲ್ಲಂತೂ ಪ್ರಯಾಣವಿಲ್ಲದೆಯೂ ಕಾಲು ಊದಬಹುದು. ಅದನ್ನು ಮಾತ್ರೆ ಬರೆದುಕೊಟ್ಟವರಲ್ಲೇ ಕೇಳಬೇಕು.

ಇಷ್ಟು ವರ್ಷಗಳಲ್ಲಿ ಒಬ್ಬರಾದರೂ "ಎರಡೂ ಕಾಲು ಊದಿದೆಯೋ, ಒಂದೇ ಕಾಲೋ?" ಎಂದು ಕೇಳಿಲ್ಲ. ಕೇಳಬೇಕಾದದ್ದು ಅದು. ಎರಡೂ ಸಮನಾಗಿ, ನೋವಿಲ್ಲದೆ ಊದಿ, ಒಂದೆರಡು ದಿನಗಳಲ್ಲಿ ಇಳಿದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಒಂದೇ ಮೀನಖಂಡ ಊದಿ, ನೊಂದು, ಬಿಸಿಯಾದರೆ ರಕ್ತ ಹೆಪ್ಪುಗಟ್ಟಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಸಿರು ಕಟ್ಟಿದರೆ, ಎದೆ ನೋಯತೊಡಗಿದರೆ ಬೆಳಗಾಗಲೆಂದು ಕಾಯುವಂತಿಲ್ಲ. ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಹೀಗೆ ಹೆಪ್ಪುಗಟ್ಟುವ ಸಂಭವ ಸುಮಾರು ಇಮ್ಮಡಿಯಾಗುತ್ತದೆ ಎಂದು 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು; ಹಾಗಿದ್ದೂ ಅದು ಸುಮಾರು 6000 ಮಂದಿಯಲ್ಲಿ ಒಬ್ಬರಿಗೆ.

ದೊಡ್ಡಮ್ಮ ಒತ್ತಿದ್ದು ಬಲಗಾಲನ್ನು ಮಾತ್ರ. ಅವರು ಎದ್ದುಹೋದ ಮೇಲೆ, ಹೂ ಕಟ್ಟುತ್ತಿದ್ದವರಿಂದ ಒಂದೆಳೆ ಬಾಳೆನಾರು ಇಸಿದುಕೊಂಡು, ಕೋಣೆಯ ಬಾಗಿಲು ಹಾಕಿ, ಎರಡೂ ಮೀನಖಂಡಗಳನ್ನು ಸುತ್ತಿ ಅಳೆದೆ. ಎರಡೂ ಒಂದೇ ಗಂಟಿಗೆ ಬಂದವು. ಆಮೇಲೆ ಊಟದ ಪಂಕ್ತಿಗೆ ಹೋದೆ.