ಕಪ್ಪು ಸೋಯಾ, ಹಳದಿ ಸೋಯಾ: ಹಿತ್ತಲಿನ ಕ್ರಾಸ್ ಎಲ್ಲಿಗೆ ಬಂತು

ಹಾಸನದ ನಮ್ಮ ಹಿತ್ತಲಲ್ಲಿ ಎರಡು ಸೋಯಾ ತಳಿ ಬೆರೆಸಿ ಪಡೆದ ಕ್ರಾಸ್ ಗಿಡಗಳ ಕಾಯಿ ಒಣಗಿವೆ. ಸುಲಿದು ನೋಡಿದೆ. ಕಾಳೆಲ್ಲ ಹಳದಿ, ಕಣ್ಣು (ಕಾಳು ಕಾಯಿಗೆ ಅಂಟಿದ್ದ ಗುರುತು) ಮಾತ್ರ ಕಪ್ಪು. ತಾಯಿ ಉತ್ತರಾಖಂಡದ ಕುಮಾವೂಂ ಬೆಟ್ಟದ ಕಪ್ಪು ಸೋಯಾ 'ಭಟ್', ತಂದೆ ಜೆಎಸ್ 335 ಎಂಬ ಹಳದಿ ತಳಿ. ತಾಯಿಹೂ ತನ್ನ ಪರಾಗವನ್ನೇ ಹಿಡಿದಿದ್ದರೆ ಕಾಳು ಕಪ್ಪಾಗಿರುತ್ತಿತ್ತು. ಹಾಗಾಗಿ ಕ್ರಾಸ್ ಹಿಡಿದಿದೆ!

ಕಷ್ಟದ ಕೆಲಸ ಹೂವಿನದು. ಸೋಯಾ ಹೂ ಅರಳುವ ಹೊತ್ತಿಗೆ ಒಳಗೇ ಪರಾಗ ಬಿದ್ದಿರುತ್ತದೆ. ಮೊಗ್ಗಿನಲ್ಲೇ ಬಿಡಿಸಿ, ಗಂಡು ಭಾಗ ಕಿತ್ತು, ಬೇರೆ ಪರಾಗ ಮುಟ್ಟಿಸಬೇಕು. ಭಟ್ ಉತ್ತರದ ಉದ್ದ ಹಗಲಿಗೆ ಒಗ್ಗಿದ್ದು, ಇಲ್ಲಿ ಬೇಗ ಹೂ ಬಿಡುತ್ತದೆ. ಅದಕ್ಕೇ ಎರಡರ ಹೂವೂ ಒಟ್ಟಿಗೆ ಸಿಗಲೆಂದು ಅದನ್ನು ಬಿಡುವು ಕೊಟ್ಟು ಕೊಟ್ಟು ಬಿತ್ತಿದೆ.

ಹಳದಿ ಯಾಕೆ ಗೆದ್ದಿತು? ನನಗೆ ಇದೇ ಎಲ್ಲಕ್ಕಿಂತ ಇಷ್ಟದ ಭಾಗ. ಸಿಪ್ಪೆಯ ಕಪ್ಪು ಆಂಥೋಸಯಾನಿನ್ ಎಂಬ ಬಣ್ಣದ ಪದಾರ್ಥದಿಂದ ಬರುತ್ತದೆ. ಅದು ತಯಾರಾಗಲು ಚಾಲ್ಕೋನ್ ಸಿಂಥೇಸ್ ಎಂಬ ಕಿಣ್ವ ಬೇಕು. ಹಳದಿ ತಳಿಯಲ್ಲಿ ಆ ಜೀನಿನ ಪ್ರತಿಗಳು ಎದುರುಬದುರಾಗಿ ಕೂತಿವೆ. ಅಲ್ಲಿಂದ ಬರುವ ಆರ್‌ಎನ್‌ಎ, ಅಂದರೆ ಜೀನಿನ ಸಂದೇಶ, ತನ್ನ ಮೇಲೇ ಮಡಚಿಕೊಂಡು, ಸಣ್ಣ ತುಂಡುಗಳಾಗಿ, ಅದೇ ಬಗೆಯ ಸಂದೇಶಗಳನ್ನೆಲ್ಲ ಹಾಳು ಮಾಡುತ್ತದೆ. ಜೀನ್ ಇದೆ, ಬಾಯಿ ಮುಚ್ಚಿಸಲಾಗಿದೆ. ಈ ಎದುರುಬದುರು ಜೋಡಣೆ ತಂದೆಯಿಂದ ಮಾತ್ರ ಬಂದರೂ ಇಷ್ಟು ಮಾಡಲು ಸಾಕು, ಅದಕ್ಕೇ ಹಳದಿಯದೇ ಮೇಲುಗೈ. 2006ರಲ್ಲಿ ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೊ ಅವರಿಗೆ ನೊಬೆಲ್ ಬಂದದ್ದು ಇಂಥದೇ ಆರ್‌ಎನ್‌ಎ ತಡೆಗೆ.

ಸೋಯಾದಲ್ಲಿರುವ ಐಸೋಫ್ಲಾವೋನ್ ಎಂಬ ಪದಾರ್ಥಗಳಿಗೂ ಮೊದಲ ಹೆಜ್ಜೆ ಇದೇ ಕಿಣ್ವ. ಹಾಗಾದರೆ ಹಳದಿ ಕಾಳಲ್ಲಿ ಅವೂ ಇರಬಾರದು ಅಲ್ವಾ? ಇರುತ್ತವೆ. ಈ ತಡೆ ನಡೆಯುವುದು ಸಿಪ್ಪೆಯಲ್ಲಿ ಮಾತ್ರ. ಬೇಳೆಯೊಳಗೆ ಜೆನಿಸ್ಟೀನ್, ಡೈಡ್ಜೀನ್ ಎಂಬ ಐಸೋಫ್ಲಾವೋನ್‌ಗಳು ಎಂದಿನಂತೆ ತಯಾರಾಗುತ್ತವೆ. ಅವುಗಳ ಪ್ರಮಾಣ ಒಂದು ಜೀನಿನ ಕೈಯಲ್ಲಿಲ್ಲ. ಐಎಫ್‌ಎಸ್1, ಐಎಫ್‌ಎಸ್2 ಎಂಬ ಜೀನುಗಳು ಮುಖ್ಯ, ಜೊತೆಗೆ ಇನ್ನೂ ಹಲವು ಜೀನುಗಳು, ಹವೆಯ ಪಾಲೂ ಇದೆ. ಕಾಳು ಕಟ್ಟುವಾಗ ಸೆಕೆ ಇದ್ದರೆ ಕಡಿಮೆ, ತಂಪಿದ್ದರೆ ಜಾಸ್ತಿ. ನಮ್ಮೂರ ತಂಪಿನ ಮೇಲೆ ನನಗೆ ತುಂಬಾ ಆಸೆ ಇದೆ.

ಕೆಲವು ಹಳದಿ ಕಾಳಿನ ಮೇಲೆ ಕಪ್ಪು ಮಚ್ಚೆ ಇತ್ತು. ಕಣ್ಣಿನ ಕಾಡಿಗೆ ಕೆನ್ನೆಗೆ ಇಳಿದ ಹಾಗೆ. ಅದರ ಗಿಡದ ಎಲೆ ಮುದುಡಿತ್ತು, ಮೊಸಾಯಿಕ್ ವೈರಸ್. ಈ ವೈರಸ್‌ನ ಒಂದು ಪ್ರೊಟೀನ್ ಆ ತಡೆಯನ್ನೇ ತಡೆಯುತ್ತದೆ, ಅಲ್ಲಲ್ಲಿ ಕಪ್ಪು ಮರಳುತ್ತದೆ. ನೋಡಲು ಎಷ್ಟು ಚಂದವಿದ್ದರೂ ಆ ಕಾಳನ್ನು ಬಿತ್ತುವುದಿಲ್ಲ. ಬೀಜದಿಂದಲೂ ರೋಗ ಹರಡುತ್ತದೆ, ಸಸ್ಯಹೇನಿನಿಂದಲೂ.

ಈ ಮುಂಗಾರಿಗೆ ಹಳದಿ ಕಾಳುಗಳನ್ನು ಬಿತ್ತುತ್ತೇನೆ. ನೋಡಲು ಎಲ್ಲ ಒಂದೇ, ಯಾಕೆಂದರೆ ಸಿಪ್ಪೆ ಅವನ್ನು ಹೊತ್ತ ಕ್ರಾಸ್ ಗಿಡದ್ದು. ಅವು ಬೆಳೆದು ತಮ್ಮ ಕಾಳು ಕೊಟ್ಟಾಗಲೇ ಪಾಲು ಕಾಣುವುದು: ಸುಮಾರು ಮೂರು ಗಿಡ ಹಳದಿಗೆ ಒಂದು ಗಿಡ ಕಪ್ಪು. ನನಗೆ ಬೇಕಾದದ್ದು ಇಲ್ಲಿನ ಹಗಲಿಗೆ ಎತ್ತರ ಬೆಳೆದು, ಕಾಯಿ ತುಂಬಿಸುವ ಕಪ್ಪು ಗಿಡ. ಅಂಥವುಗಳ ಬೀಜವನ್ನು ಗಿಡಕ್ಕೊಂದು ಕವರಿನಂತೆ ಬೇರೆಬೇರೆ ಇಡುತ್ತೇನೆ.